ಯಾರ ತಕ್ಕಡಿಯಲ್ಲಿ ತೂಗುತ್ತೀರಿ?



1978ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಒಂದು ಫುಟ್ಬಾಲ್ ತಂಡ ತನ್ನ ಒಬ್ಬ ಆಟಗಾರನನ್ನು ಕೈಬಿಟ್ಟಿತು. ಆತ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಆ ತಂಡಕ್ಕಾಗಿ ಆಡಿದ್ದವರು. ಒಂದು ಪಂದ್ಯವನ್ನೂ ತಪ್ಪಿಸಿಕೊಂಡವರಲ್ಲ. ಹೀಗೆ ಕೈಬಿಟ್ಟವರನ್ನು ಬೇರೆ ಯಾವ ತಂಡವಾದರೂ ನೂರು ಡಾಲರ್ ಶುಲ್ಕ ಕಟ್ಟಿ ತೆಗೆದುಕೊಳ್ಳಬಹುದೆಂಬುದು ಆಗ ಅಲ್ಲಿದ್ದ ನಿಯಮ. ಶಿಕಾಗೊ ನಗರದ ತಂಡ ನೂರು ಡಾಲರ್ ಕಟ್ಟಿ ಅವರನ್ನು ಕರೆದುಕೊಂಡಿತು. ಆಟಗಾರನ ಹೆಸರು ಅಲನ್ ಪೇಜ್. ಆಗ ಅವರಿಗೆ 33 ವರ್ಷ.

ಅವರು ಮಾಡಿದ ತಪ್ಪೇನು ಎಂದು ನೀವು ಕೇಳಬಹುದು. ಕುಡಿತವೇ? ಜಗಳವೇ? ಅಲ್ಲ, ಅವರ ತೂಕ ಇಳಿದಿತ್ತು. ಅವರ ಪತ್ನಿ ಡಯಾನ್ ಸಿಗರೇಟು ಬಿಡಬೇಕೆಂದು ಓಡುವ ಅಭ್ಯಾಸ ಆರಂಭಿಸಿದರು. ಗಂಡನೂ ಜೊತೆಗೆ ಓಡತೊಡಗಿದರು. ಹೆಂಡತಿಯ ಸಿಗರೇಟು ನಿಂತಿತು, ಗಂಡನ ಓಟ ನಿಲ್ಲಲಿಲ್ಲ. 240 ಪೌಂಡಿಗೂ ಮೇಲಿದ್ದ ದೇಹ 225ರ ಆಸುಪಾಸಿಗೆ ಬಂತು. ಎದುರಾಳಿಗಳ ಗೋಡೆಗೆ ಹೋಗಿ ಡಿಕ್ಕಿ ಹೊಡೆಯಬೇಕಾದವನು ಇಷ್ಟು ಹಗುರವಾದರೆ ಹೇಗೆ ಎಂಬುದು ತಂಡದವರ ಲೆಕ್ಕ. ಹೆಂಡತಿಯ ಆರೋಗ್ಯಕ್ಕೆಂದು ಜೊತೆಗೂಡಿ ಓಡಿದ್ದಕ್ಕೆ ಕೆಲಸ ಹೋಯಿತು ಎಂದು ನಾವು ನಗಬಹುದು. ಆದರೆ ನಗುವ ಮುನ್ನ ಆ ಆಟವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ಅಮೆರಿಕದವರು ಫುಟ್ಬಾಲ್ ಎನ್ನುವುದು ನಾವು ಕಾಲಿನಿಂದ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಗಟ್ಟಿ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡನ್ನು ಎಸೆಯುವವನನ್ನು ಕಾಯಲು ಆತನ ಮುಂದೆ ದೈತ್ಯರಂಥ ಜನ ಗೋಡೆ ಕಟ್ಟಿ ನಿಲ್ಲುತ್ತಾರೆ. ರಕ್ಷಣಾ ಪಡೆಯವರು ಆ ಗೋಡೆ ಒಡೆದು ಒಳನುಗ್ಗಿ, ಚೆಂಡು ಕೈಬಿಡುವ ಮೊದಲೇ ಅವನನ್ನು ನೆಲಕ್ಕೆ ಕೆಡವಬೇಕು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದು ಹಾಕುವವರು ನೆನಪಾದರೆ ಸಾಕು. ಪೇಜ್ ಅವರದು ಈ ಕೆಡವುವ ಕೆಲಸ. ಇಂಥವರು ವರ್ಷಗಟ್ಟಲೆ ಆಡಿದರೂ ಚೆಂಡನ್ನು ಮುಟ್ಟುವುದೇ ಅಪರೂಪ. ಹೊಗಳಿಕೆಯೆಲ್ಲ ಎಸೆಯುವವನಿಗೆ, ಹಿಡಿದು ಓಡುವವನಿಗೆ. ಆದರೂ 1971ರಲ್ಲಿ ಇಡೀ ವೃತ್ತಿಪರ ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಮನ್ನಣೆ ಪೇಜ್ ಅವರಿಗೆ ಬಂತು. ರಕ್ಷಣಾ ಪಡೆಯವನೊಬ್ಬನಿಗೆ ಅದು ಸಂದದ್ದು ಅದೇ ಮೊದಲು. ಎರಡನೆಯ ಸಲ ಸಂದದ್ದು 1986ರಲ್ಲಿ, ಬೇರೊಬ್ಬರಿಗೆ.

ಈಗ ಹಿಂದಕ್ಕೆ ಹೋಗೋಣ. ಅಲನ್ ಪೇಜ್ ಹುಟ್ಟಿದ್ದು 1945ರ ಆಗಸ್ಟ್ 7ರಂದು, ಓಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಕಪ್ಪು ಜನಾಂಗದ ಹುಡುಗನೊಬ್ಬ ಬೆಳೆದು ಏನಾಗಬಹುದೆಂದರೆ ಕುಲುಮೆಯ ಮುಂದೆ ನಿಲ್ಲಬಹುದು, ಅಷ್ಟೆ. ಆದರೆ ಮನೆಯಲ್ಲಿ ತಂದೆತಾಯಿಗೆ ಓದಿನ ಮೇಲೆ ಹಟ. ಹದಿಮೂರನೆಯ ವಯಸ್ಸಿಗೆ ತಾಯಿ ತೀರಿಕೊಂಡರು. ಆ ಹಟ ಮಾತ್ರ ಮಗನಲ್ಲಿ ಉಳಿಯಿತು. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಬಿಳಿಯ ಮಕ್ಕಳಿಗೊಂದು ಕರಿಯ ಮಕ್ಕಳಿಗೊಂದು ಶಾಲೆ ಎಂಬ ವ್ಯವಸ್ಥೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಾಗ ಪೇಜ್‌ಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಕಾನೂನಿಗೆ ಇಂಥ ಶಕ್ತಿಯಿದೆಯೇ ಎಂಬ ಬೆರಗು ಆಗ ಹುಟ್ಟಿತೆಂದು ಮುಂದೆ ಅವರೇ ಹೇಳಿದ್ದಾರೆ. ಗಮನಿಸಿ, ಚೆಂಡಿಗಿಂತ ಮೊದಲೇ ವಕೀಲಿಕೆಯ ಕನಸು ಬಂದಿತ್ತು.

ಅವರು ಓದಿದ್ದು ಅದೇ ಊರಿನ ಸೆಂಟ್ರಲ್ ಕ್ಯಾಥೊಲಿಕ್ ಪ್ರೌಢಶಾಲೆಯಲ್ಲಿ. ಅಲ್ಲಿಂದ ಫುಟ್ಬಾಲ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಹೋದರು. ಹೋಲಿ ಕ್ರಾಸ್ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಆಗ ಅದರ ಅಧ್ಯಕ್ಷರಾಗಿದ್ದವರು ಫಾದರ್ ಥಿಯೊಡೋರ್ ಹೆಸ್‌ಬರ್ಗ್. 1957ರಿಂದ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗದ ಸದಸ್ಯರಾಗಿದ್ದ ಅವರು, 1964ರ ಜೂನ್‌ನಲ್ಲಿ ಶಿಕಾಗೊದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈ ಹಿಡಿದು ನಿಂತ ಚಿತ್ರ ಇಂದಿಗೂ ಪ್ರಸಿದ್ಧ. ನಮ್ಮ ಧರ್ಮಸಭೆಗೆ ಹೆಮ್ಮೆಯ ಚಿತ್ರವೇ ಸರಿ. ಆದರೆ ಇನ್ನೊಂದು ಲೆಕ್ಕವನ್ನೂ ಹೇಳದೆ ಹೋದರೆ ಅಪ್ರಾಮಾಣಿಕತೆಯಾದೀತು. 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ನೋಟರ್ ಡೇಮ್ ತಂಡದಲ್ಲಿದ್ದ ಕಪ್ಪು ಆಟಗಾರ ಒಬ್ಬರೇ: ಅಲನ್ ಪೇಜ್. ಆ ವರ್ಷದ ನವೆಂಬರ್ 19ರಂದು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದೊಡನೆ 10-10ರಿಂದ ಸಮವಾದ ಪಂದ್ಯದ ಬಗ್ಗೆ ಅಮೆರಿಕದ ಹಳಬರು ಈಗಲೂ ವಾದ ಮಾಡುತ್ತಾರೆ. ಆ ಎದುರಾಳಿ ತಂಡದ ತುಂಬ ಕಪ್ಪು ಹುಡುಗರು. ವೇದಿಕೆಯ ಮೇಲೆ ಕೈ ಹಿಡಿದ ಮೇಲೆ ತರಗತಿಯ ಬಾಗಿಲು ತೆರೆಯಲು ಇನ್ನೂ ಸಮಯ ಬೇಕಾಗುತ್ತದೆ, ಒಳ್ಳೆಯ ಸಂಸ್ಥೆಗಳಲ್ಲಿಯೂ.

1967ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷ ಮಿನೆಸೋಟ ವೈಕಿಂಗ್ಸ್ ತಂಡ ಅವರನ್ನು ಮೊದಲ ಸುತ್ತಿನಲ್ಲೇ, ಹದಿನೈದನೆಯವರಾಗಿ ಆರಿಸಿಕೊಂಡಿತು. ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್ ಮತ್ತು ಪೇಜ್ ಈ ನಾಲ್ವರ ಸಾಲನ್ನು ಜನ ‘ನೇರಳೆ ನರಭಕ್ಷಕರು’ ಎಂದು ಕರೆದರು. ನೇರಳೆ ಅವರ ಅಂಗಿಯ ಬಣ್ಣ. ಆ ತಂಡ ನಾಲ್ಕು ಸಲ ಅಂತಿಮ ಪಂದ್ಯಕ್ಕೆ ಹೋಗಿ ನಾಲ್ಕು ಸಲವೂ ಸೋತಿತು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಆ ತಂಡದ ಒಂದು ಕೊಠಡಿಯಲ್ಲಿ ನಡೆದ ಸಂಗತಿ. ಪೇಜ್ ಅವರೇ ಮುಂದೆ ಅದನ್ನು ಹೇಳಿದ್ದಾರೆ. ಪ್ರತಿ ತಂಡಕ್ಕೂ ಒಂದು ಪುಸ್ತಕವಿರುತ್ತದೆ. ಯಾವ ಸಂದರ್ಭದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ನುಗ್ಗಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಒಂದು ದಿನ ಆಟಗಾರರು ಸರದಿಯಂತೆ ಅದನ್ನು ಗಟ್ಟಿಯಾಗಿ ಓದಬೇಕಾಗಿ ಬಂತು. ಕೆಲವರು ಸರಾಗವಾಗಿ ಓದಿದರು. ಕೆಲವರು ತಡವರಿಸಿದರು. ಕೆಲವರಿಗೆ ಓದಲು ಬರಲೇ ಇಲ್ಲ.

ಸ್ವಲ್ಪ ಯೋಚಿಸಿ. ಅವರು ಶಾಲೆ ಕಾಣದ ಜನರಲ್ಲ. ಆ ಲೀಗಿಗೆ ಬರುವವರು ಪ್ರೌಢಶಾಲೆ ದಾಟಿ, ಕಾಲೇಜುಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು, ಅಂಕಪಟ್ಟಿಯಲ್ಲಿ ಅಂಕವಿತ್ತು. ಸಾವಿರಾರು ಜನ ಎದ್ದು ನಿಂತು ಅವರಿಗೆ ಚಪ್ಪಾಳೆ ಹೊಡೆದಿದ್ದರು. ಅಷ್ಟೂ ಜನರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಕೂತು, ‘ಮಗು, ಈ ಸಾಲನ್ನು ಓದು ನೋಡೋಣ’ ಎಂದಿದ್ದರೆ?

ಇದು ಯಾರ ಪಾಪ? ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ನಮಗೆ ಹೇಳಿಕೊಡುತ್ತಿದ್ದರು: ಕೆಲವು ತಪ್ಪುಗಳಿಗೆ ಒಬ್ಬ ಅಪರಾಧಿ ಸಿಗುವುದಿಲ್ಲ, ಏಕೆಂದರೆ ಅವು ಚೂರುಚೂರಾಗಿ ಹಂಚಿಹೋಗಿರುತ್ತವೆ. ಇಂಥ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಐದನೆಯ ತರಗತಿಯ ಶಿಕ್ಷಕಿ, ‘ಪಾಪ, ಮೈದಾನದಲ್ಲಿ ಎಷ್ಟು ಚೆನ್ನಾಗಿ ಆಡುತ್ತಾನೆ, ಇಷ್ಟಕ್ಕೆಲ್ಲ ನಿಲ್ಲಿಸುವುದೇಕೆ’ ಎಂದು ಮುಂದಿನ ತರಗತಿಗೆ ಕಳಿಸುತ್ತಾರೆ. ಎಂಟನೆಯ ತರಗತಿಯ ಶಿಕ್ಷಕರಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಹುಡುಗ ಊರಿನ ಹೆಮ್ಮೆಯಾಗಿದ್ದಾನೆ. ಕಾಲೇಜಿನವರು ಶನಿವಾರದ ಪಂದ್ಯ ನೋಡುತ್ತಾರೆ, ಸೋಮವಾರದ ಪಾಠ ನೋಡುವುದಿಲ್ಲ. ತಂದೆತಾಯಿಗೆ ಮಗ ದೊಡ್ಡವನಾಗುತ್ತಿದ್ದಾನೆಂಬ ಸಂತೋಷ. ಯಾರೊಬ್ಬರೂ ಕ್ರೂರಿಗಳಲ್ಲ. ಹಾಗೆ ನೋಡಿದರೆ ಪ್ರತಿಯೊಬ್ಬರೂ ಒಂದೊಂದು ಚಿಕ್ಕ ಉಪಕಾರವನ್ನೇ ಮಾಡಿದ್ದಾರೆ. ಆ ಉಪಕಾರಗಳೆಲ್ಲ ಸೇರಿ, ಓದಲು ಬಾರದ ಇಪ್ಪತ್ತೈದು ವರ್ಷದ ಗಂಡಸನ್ನು ಗೆಳೆಯರ ಮುಂದೆ ಒಂದು ಪುಸ್ತಕ ಕೈಗೆ ಕೊಟ್ಟು ನಿಲ್ಲಿಸಿದವು. ನನಗಂತೂ ಈ ಬಗೆಯ ದಯೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಕರುಣೆಯ ಕಾರ್ಯಗಳ ಪಟ್ಟಿಯಲ್ಲಿ ಹಸಿದವರಿಗೆ ಉಣಿಸುವುದು ಇರುವಂತೆ, ತಿಳಿಯದವರಿಗೆ ತಿಳಿಸುವುದೂ ಇದೆ. ನಾವು ಮೊದಲನೆಯದನ್ನು ನೆನೆಸಿಕೊಂಡಷ್ಟು ಎರಡನೆಯದನ್ನು ನೆನೆಸಿಕೊಳ್ಳುವುದಿಲ್ಲ.

ಸಂತ ತೋಮಸ್ ಅಕ್ವಿನಾಸರು ಒಂದು ವ್ಯತ್ಯಾಸವನ್ನು ಗುರುತಿಸುತ್ತಾರೆ. ಕೌಶಲ ಎನ್ನುವುದು ಕೆಲಸವನ್ನು ಒಳ್ಳೆಯದಾಗಿಸುತ್ತದೆ, ಸದ್ಗುಣ ಎನ್ನುವುದು ಕೆಲಸ ಮಾಡುವವನನ್ನು ಒಳ್ಳೆಯವನಾಗಿಸುತ್ತದೆ. ಒಬ್ಬ ಕಮ್ಮಾರನ ಕತ್ತಿ ಹರಿತವಾಗಿದೆಯೇ ಎಂದು ನೋಡಲು ಅವನು ಹೆಂಡತಿಯನ್ನು ಹೊಡೆಯುತ್ತಾನೋ ಇಲ್ಲವೋ ಎಂದು ವಿಚಾರಿಸಬೇಕಿಲ್ಲ. ಕತ್ತಿಗೆ ಒಂದು ತಕ್ಕಡಿ, ಕಮ್ಮಾರನಿಗೆ ಬೇರೊಂದು. ಈ ಮಾತನ್ನು ಇಟ್ಟುಕೊಂಡು ನೋಡಿದರೆ ವೈಕಿಂಗ್ಸ್ ತಂಡದ ಕೋಚ್ ಬಡ್ ಗ್ರ್ಯಾಂಟ್ ಅವರನ್ನು ನಾನು ದೂರಲಾರೆ. 225 ಪೌಂಡಿನವನು ತನ್ನ ಗೋಡೆಗೆ ಸಾಲದು ಎಂದು ಅವರಿಗೆ ಅನ್ನಿಸಿದರೆ ಹೇಳುವ ಹಕ್ಕು ಅವರಿಗಿತ್ತು. ಕೋಚ್‌ನ ತಕ್ಕಡಿ ಕೋಚ್‌ನ ಕೈಯಲ್ಲಿದ್ದರೆ ಅನ್ಯಾಯವೇನಿಲ್ಲ. (ಅವರ ಲೆಕ್ಕ ತಪ್ಪಾಗಿತ್ತೆನ್ನುವುದು ಬೇರೆ ಮಾತು. ಹಗುರಾದ ಪೇಜ್ ಶಿಕಾಗೊ ತಂಡದಲ್ಲಿ 1981ರವರೆಗೆ 58 ಪಂದ್ಯ ಆಡಿದರು. ಎರಡೂ ತಂಡ ಸೇರಿ ಒಟ್ಟು 218, ಒಂದೂ ತಪ್ಪದೆ. ನಡುವೆ 1979ರಲ್ಲಿ ಪೂರ್ಣ ಮ್ಯಾರಥಾನ್ ಓಡಿ ಮುಗಿಸಿದರು. ಆ ಲೀಗಿನಲ್ಲಿ ಆಡುತ್ತಿರುವಾಗಲೇ ಹಾಗೆ ಓಡಿದ ಮೊದಲಿಗರು ಅವರು.)

ಅನ್ಯಾಯ ಆರಂಭವಾಗುವುದು ಆ ತಕ್ಕಡಿ ಬೇರೆಯವರ ಕೈಗೆ ಹೋದಾಗ. ಶಿಕ್ಷಕಿ ಕೋಚ್‌ನ ತಕ್ಕಡಿ ಹಿಡಿದರೆ? ತಂದೆ ಹಿಡಿದರೆ? ಗುರುಗಳು ಹಿಡಿದರೆ? ಹುಡುಗನನ್ನು ಹುಡುಗನೆಂದು ನೋಡಬೇಕಾದವರೆಲ್ಲ ಅವನ ಭುಜದ ಅಗಲ ನೋಡುತ್ತ ನಿಂತರೆ ಅವನನ್ನು ನೋಡುವವರು ಇನ್ನಾರು? ತತ್ವಜ್ಞಾನಿ ಕಾಂಟ್, ಮನುಷ್ಯನನ್ನು ಎಂದಿಗೂ ಕೇವಲ ಸಾಧನವಾಗಿ ಬಳಸಬೇಡಿ ಎಂದದ್ದನ್ನು ನಾವು ಕಾರ್ಖಾನೆಯ ಮಾಲೀಕರಿಗೆ ಹೇಳಿದ್ದೆಂದು ತಿಳಿದಿದ್ದೇವೆ. ಅದು ಚಪ್ಪಾಳೆ ಹೊಡೆಯುವವರಿಗೂ ಅನ್ವಯಿಸುತ್ತದೆ. ಮಗುವನ್ನು ಹೊಗಳುತ್ತಲೇ ಬಳಸಿಕೊಳ್ಳಬಹುದು.

ಪೇಜ್ ಅವರನ್ನು ಕಾಪಾಡಿದ್ದು ಯಾವುದು? ಅವರು ಅನುಕೂಲಸ್ಥ ಮನೆಯಿಂದ ಬಂದವರಲ್ಲ. ಆದರೆ ತಾನು ಚೆಂಡಿನಾಟಗಾರ ಮಾತ್ರ ಎಂದು ಅವರು ಒಂದು ದಿನವೂ ಒಪ್ಪಲಿಲ್ಲ. ಒಂದು ಕಾನೂನು ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟರು. ಅವರಿಗೆ ಅಲ್ಲಿ ತಡೆದುಕೊಳ್ಳಲಾಗಲಿಲ್ಲ. ಹಲವು ವರ್ಷಗಳ ಬಳಿಕ, 1975ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮತ್ತೆ ಸೇರಿದರು. ವೃತ್ತಿಪರ ಆಟ ಆಡುತ್ತಲೇ ಓದಿ 1978ರಲ್ಲಿ ಪದವಿ ಪಡೆದರು. ತಂಡ ಕೈಬಿಟ್ಟದ್ದೂ ಅದೇ ವರ್ಷ ಎಂಬುದನ್ನು ನೆನಪಿಡಿ. ಮಿನೆಸೋಟದ ತಕ್ಕಡಿ ಅವರನ್ನು ಕೆಳಗಿಳಿಸಿದಾಗ ಅವರ ಬಳಿ ಇನ್ನೊಂದು ನೆಲವಿತ್ತು.

ಇಲ್ಲಿ ಒಬ್ಬ ಓದುಗರು ತಡೆದು ಕೇಳಬಹುದು: ‘ಸ್ವಾಮಿ, ಆ ಕಾಲೇಜಿಗೆ ಕಳಿಸಿದ್ದೂ ಆಟವೇ ಅಲ್ಲವೇ? ಆಟ ಇಲ್ಲದಿದ್ದರೆ ಅವರು ಉಕ್ಕಿನ ಕಾರ್ಖಾನೆಯಲ್ಲಿರುತ್ತಿದ್ದರು. ಮುಂದೆ ಚುನಾವಣೆಯಲ್ಲಿ ಗೆದ್ದದ್ದು ಕೂಡ ಜನಕ್ಕೆ ಹೆಸರು ಗೊತ್ತಿದ್ದುದರಿಂದ ತಾನೆ?’ ಒಪ್ಪುತ್ತೇನೆ. ಬಡವರ ಮಕ್ಕಳಿಗೆ ಬಾಗಿಲು ತೆರೆದ ಆಟವನ್ನು ಬಾಗಿಲು ಮುಚ್ಚಿಕೊಂಡು ಕುಳಿತವರು ಹೀಗಳೆಯಬಾರದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಪೇಜ್ ಅವರನ್ನು ತೋರಿಸಿ, ಓದಲು ಬಾರದ ಆ ಜೊತೆಗಾರರನ್ನು, ‘ನೋಡಿ, ಮನಸ್ಸು ಮಾಡಿದ್ದರೆ ನೀವೂ ಹೀಗಾಗುತ್ತಿದ್ದಿರಿ’ ಎಂದು ಹಂಗಿಸುವುದು ದೊಡ್ಡ ಅನ್ಯಾಯ. ಒಬ್ಬ ಪಾರಾದ ಎಂಬ ಕಾರಣಕ್ಕೆ ಬಲೆ ಇರಲಿಲ್ಲ ಎನ್ನಲಾಗದು. ಪೇಜ್ ಸ್ವತಃ ಹಾಗೆ ಹೇಳಲಿಲ್ಲ. ಅವರು ಮಾಡಿದ್ದು ಬೇರೆ.

1988ರಲ್ಲಿ ಅವರಿಗೆ ಆ ಆಟದ ಅತ್ಯುನ್ನತ ಗೌರವ ಬಂತು. ಫುಟ್ಬಾಲಿನ ಕೀರ್ತಿಭವನಕ್ಕೆ ಸೇರ್ಪಡೆ. ಆ ಭವನವಿರುವುದು ಅವರ ಹುಟ್ಟೂರಾದ ಕ್ಯಾಂಟನ್‌ನಲ್ಲೇ. 1963ರಲ್ಲಿ ತೆರೆದ ಆ ಕಟ್ಟಡವನ್ನು ಕಟ್ಟುವಾಗ ಹುಡುಗ ಅಲನ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. ತಾನು ಹೊತ್ತ ಸಾಮಾನಿನ ಮನೆಯಲ್ಲಿ ತನ್ನದೇ ಪ್ರತಿಮೆ! ಇಂಥ ಸಮಾರಂಭದಲ್ಲಿ ಸೇರ್ಪಡೆಯಾಗುವವರನ್ನು ಸಭೆಗೆ ಪರಿಚಯಿಸಲು ಸಾಮಾನ್ಯವಾಗಿ ಹಳೆಯ ಕೋಚ್ ಅಥವಾ ಸಹ ಆಟಗಾರ ಬರುತ್ತಾರೆ. ಪೇಜ್ ಕರೆತಂದದ್ದು ವಿಲರೀನ್ ಬೀಸ್ಲಿ ಎಂಬ ಮಹಿಳೆಯನ್ನು. ಆಕೆ ಮಿನಿಯಾಪೊಲಿಸ್ ನಗರದ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಚೆಂಡಿನ ಬಗ್ಗೆ ಕೇಳಲು ಬಂದ ಜನ ಅಂದು ಕೇಳಿದ್ದು ಮಕ್ಕಳ ಓದಿನ ಬಗ್ಗೆ. ಆ ವರ್ಷವೇ ಪತ್ನಿಯೊಡನೆ ಒಂದು ವಿದ್ಯಾನಿಧಿ ಸ್ಥಾಪಿಸಿದರು. ಕಪ್ಪು ಜನಾಂಗದ ಮತ್ತು ಇತರ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಕಾಲೇಜಿನ ನೆರವು. ಆದರೆ ಒಂದು ಕರಾರು: ಹಣ ಪಡೆದವರು ತಮಗಿಂತ ಚಿಕ್ಕ ಮಕ್ಕಳ ಜೊತೆ ಕುಳಿತು ಅವರಿಗೆ ಪಾಠ ಹೇಳಿಕೊಡಬೇಕು. ಆ ಪಕ್ಕದಲ್ಲಿ ಕೂರುವ ಒಬ್ಬರು, ಮೇಲೆ ನಾನು ಕೇಳಿದೆನಲ್ಲ, ಅವರನ್ನು ಒದಗಿಸುವ ಉಪಾಯ ಇದು.

1992ರಲ್ಲಿ ಅವರು ಮಿನೆಸೋಟ ಸರ್ವೋಚ್ಚ ನ್ಯಾಯಾಲಯದ ಸ್ಥಾನಕ್ಕೆ ನಿಂತು ಗೆದ್ದರು. ಅಲ್ಲಿ ನ್ಯಾಯಮೂರ್ತಿಗಳನ್ನು ಜನರೇ ಆರಿಸುತ್ತಾರೆ. ಚುನಾವಣೆಯೇ ನಡೆಯದಂತೆ ರಾಜ್ಯಪಾಲರು ಒಬ್ಬ ನ್ಯಾಯಮೂರ್ತಿಯ ಅವಧಿ ವಿಸ್ತರಿಸಿದ್ದರು. ಅದರ ವಿರುದ್ಧ ದಾವೆ ಹೂಡಿ, ಚುನಾವಣೆ ನಡೆಯಲೇಬೇಕೆಂಬ ತೀರ್ಪು ಪಡೆದು, ಆಮೇಲೆ ನಿಂತು ಗೆದ್ದದ್ದು. ಆ ನ್ಯಾಯಾಲಯದಲ್ಲಿ ಕುಳಿತ ಮೊದಲ ಕಪ್ಪು ನ್ಯಾಯಮೂರ್ತಿ ಅವರು. 2015ರಲ್ಲಿ ಎಪ್ಪತ್ತು ತುಂಬಿತು, ಕಾನೂನಿನಂತೆ ನಿವೃತ್ತರಾದರು. ಮೊದಲ ಸಲ ತೂಕ ಇಳಿಯಿತೆಂದು ಕಳಿಸಿದರು, ಎರಡನೆಯ ಸಲ ವಯಸ್ಸು ಏರಿತೆಂದು. ನ್ಯಾಯಮೂರ್ತಿಯ ನಿಲುವಂಗಿಯೂ ಒಂದು ಅಂಗಿಯೇ ಎಂದು ನಾವು ಮರೆಯುತ್ತೇವೆ. ಮಗ ಆಟಗಾರನಾಗುವುದು ಬೇಡ, ನ್ಯಾಯಾಧೀಶನೋ ವೈದ್ಯನೋ ಆಗಲಿ ಎಂದು ಈ ಲೇಖನದಿಂದ ಯಾರಾದರೂ ತೀರ್ಮಾನಿಸಿದರೆ ಅವರು ತಕ್ಕಡಿ ಬದಲಿಸಿಲ್ಲ, ಕಲ್ಲು ಬದಲಿಸಿದ್ದಾರೆ ಅಷ್ಟೆ.

2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಯ ಮಕ್ಕಳ ಪ್ರಯತ್ನದಿಂದ ಆ ಶಾಲೆಯ ಹೆಸರು ಬದಲಾಯಿತು. ಮೊದಲು ಅದಕ್ಕೆ ಅಲೆಕ್ಸಾಂಡರ್ ರ‍್ಯಾಮ್ಸೆ ಎಂಬ ರಾಜ್ಯಪಾಲರ ಹೆಸರಿತ್ತು. 1862ರಲ್ಲಿ ಆ ನೆಲದ ಮೂಲನಿವಾಸಿಗಳಾದ ಡಕೋಟ ಜನರನ್ನು ಕೊಂದು ಮುಗಿಸಬೇಕು, ಇಲ್ಲವೇ ರಾಜ್ಯದಿಂದಾಚೆ ಅಟ್ಟಬೇಕು ಎಂದವರು ಅವರು. ಈಗ ಅದು ಜಸ್ಟಿಸ್ ಪೇಜ್ ಶಾಲೆ.

ಮರುವರ್ಷದ ಸೆಪ್ಟೆಂಬರ್‌ನಲ್ಲಿ ಡಯಾನ್ ತೀರಿಕೊಂಡರು. ಎರಡು ತಿಂಗಳೂ ತುಂಬುವ ಮೊದಲು ಪೇಜ್ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಬಂತು. ಒಟ್ಟಿಗೆ ಓಡಿದವರು ಆ ದಿನ ಪಕ್ಕದಲ್ಲಿರಲಿಲ್ಲ.

ಆಟ ಅವರ ದೇಹದಲ್ಲಿ ಒಂದು ಗುರುತು ಬಿಟ್ಟಿದೆ. ಕೀಲು ತಪ್ಪಿದ ಕಿರುಬೆರಳೊಂದು ಮತ್ತೆ ನೇರವಾಗಲೇ ಇಲ್ಲ, ಗೋಡೆಯ ಮೂಲೆಯಂತೆ ಹೊರಕ್ಕೆ ಬಾಗಿ ನಿಂತಿದೆ. ಶಾಲೆಗಳಿಗೆ ಹೋದಾಗ ಮಕ್ಕಳ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಪದಕ, ಪಂದ್ಯ, ತೀರ್ಪು ಒಂದೂ ಅವರಿಗೆ ಬೇಕಿಲ್ಲ, ‘ಅದೇಕೆ ಹಾಗಿದೆ?’ ಎಂದು ಕೇಳುತ್ತಾರೆ. 2013ರಲ್ಲಿ ಪೇಜ್, ಶಿಕ್ಷಕಿಯಾಗಿದ್ದ ಮಗಳೊಡನೆ ಸೇರಿ, ಆ ಬೆರಳಿನ ಬಗ್ಗೆಯೇ ಚಿಕ್ಕ ಮಕ್ಕಳಿಗಾಗಿ ಒಂದು ಕಥೆ ಪುಸ್ತಕ ಬರೆದರು. ಓದಲು ಕಲಿಯುತ್ತಿರುವ ಮಕ್ಕಳು ಓದಬಹುದಾದ ಪುಸ್ತಕ.